ಪಟ್ಟಿ, ಅಂಕಿ ಮತ್ತು ಅಂಚು: ಪಠ್ಯಸಂಪಾದಕ ತಂತ್ರಾಂಶಕ್ಕೆ ಗ್ರಂಥಸಂಪಾದನೆಯ ಒಂದು ನಿಯಮ

1

'ಸಂಪಾದಕ' ಎಂಬ ಪದಕ್ಕೆ ಕನ್ನಡದಲ್ಲಿ ಈಗ ಎರಡು ಅರ್ಥಗಳು ರೂಢಿಯಲ್ಲಿವೆ. ಹಲವು ಹಸ್ತಪ್ರತಿಗಳನ್ನು ಎದುರಿಗಿಟ್ಟುಕೊಂಡು, ಪಾಠಾಂತರಗಳನ್ನು ತೂಗಿ ನೋಡಿ, ಕವಿಪಾಠಕ್ಕೆ ಹತ್ತಿರವಾದ ಪಾಠವನ್ನು ಕಟ್ಟಿಕೊಡುವ ವಿದ್ವಾಂಸನು ಒಬ್ಬ ಸಂಪಾದಕ. ಗಣಕಯಂತ್ರದಲ್ಲಿ ನಾವು ಬರೆಯುವುದನ್ನು ಸ್ವೀಕರಿಸಿ, ಅದನ್ನು ತಿದ್ದಲು, ಅಳಿಸಲು, ಜೋಡಿಸಲು ಅನುವು ಮಾಡಿಕೊಡುವ ತಂತ್ರಾಂಶವೂ ಸಂಪಾದಕವೇ. ಅದನ್ನು ಪಠ್ಯಸಂಪಾದಕ ಎಂದು ಕರೆಯುತ್ತೇವೆ. ಮೊದಲನೆಯವನ ಹಕ್ಕು ಮತ್ತು ಹೊಣೆಗಳನ್ನು ಕುರಿತು ನಮ್ಮಲ್ಲಿ ಒಂದು ಶಾಸ್ತ್ರವೇ ಬೆಳೆದಿದೆ. ಡಿ.ಎಲ್. ನರಸಿಂಹಾಚಾರ್ಯರ 'ಕನ್ನಡ ಗ್ರಂಥಸಂಪಾದನೆ'ಯನ್ನು ಓದದೆ ಎಂ.ಎ. ಮುಗಿಸಿದವರು ವಿರಳ. ಎರಡನೆಯದರ ಹಕ್ಕುಬಾಧ್ಯತೆಗಳನ್ನು ಕುರಿತು ಕನ್ನಡ ವಿಭಾಗಗಳಲ್ಲಿ ಗಂಭೀರ ಚರ್ಚೆ ನಡೆದದ್ದು ಕಡಿಮೆ. ಅದು ಗಣಕವಿಜ್ಞಾನದವರ ಕ್ಷೇತ್ರವೆಂದು ನಾವು ಬಿಟ್ಟುಬಿಟ್ಟಿದ್ದೇವೆ.

ಪ್ರಸ್ತುತ ಲೇಖನವು ಈ ದೊಡ್ಡ ವಿಷಯದ ಒಂದು ಸಣ್ಣ ಮೂಲೆಯನ್ನು ಮಾತ್ರ ಎತ್ತಿಕೊಳ್ಳುತ್ತದೆ. ಒಂದು ಪಟ್ಟಿಯನ್ನು ಬರೆದಾಗ ಅದರ ಅಂಕಿಗಳನ್ನು ಯಾರು ಹಾಕಬೇಕು, ಸಾಲುಗಳನ್ನು ಎಷ್ಟು ಒಳಕ್ಕೆ ಸರಿಸಬೇಕು, ಒಂದು ಬಾಬು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ತೊಡಗುತ್ತದೆ ಎಂಬುದನ್ನು ಯಾರು ನಿರ್ಧರಿಸಬೇಕು? ಬರೆದವನೋ, ತಂತ್ರಾಂಶವೋ? ಮೇಲುನೋಟಕ್ಕೆ ಇದು ಪುಟವಿನ್ಯಾಸದ ಕ್ಷುಲ್ಲಕ ಪ್ರಶ್ನೆಯಂತೆ ಕಾಣುತ್ತದೆ. ಆದರೆ ಸಂಶೋಧನ ಬರವಣಿಗೆಯಲ್ಲಿ ಪಟ್ಟಿಯೆಂಬುದು ಅಲಂಕಾರವಲ್ಲ, ಆಧಾರ. ಶಾಸನಗಳ ಪಟ್ಟಿ, ಹಸ್ತಪ್ರತಿಗಳ ಪಟ್ಟಿ, ವಕ್ತೃಗಳ ಪಟ್ಟಿ, ಪಾಠಾಂತರಗಳ ಪಟ್ಟಿ, ಪದಪಟ್ಟಿ ಇವುಗಳ ಮೇಲೆಯೇ ನಮ್ಮ ಪ್ರಬಂಧಗಳು ನಿಂತಿವೆ. ಆಧಾರ ಅಲುಗಿದರೆ ಅದರ ಮೇಲಿನ ವಾದವೂ ಅಲುಗುತ್ತದೆ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಗ್ರಂಥಸಂಪಾದಕನಿಗೆ ನಾವು ವಿಧಿಸಿರುವ ಮೂಲ ನಿಯಮವೊಂದಿದೆ: ತಿದ್ದಬಹುದು, ಆದರೆ ತಿದ್ದಿದ್ದೇನೆಂದು ತಿಳಿಸದೆ ತಿದ್ದಬಾರದು. ಇದೇ ನಿಯಮ ಪಠ್ಯಸಂಪಾದಕ ತಂತ್ರಾಂಶಕ್ಕೂ ಅನ್ವಯಿಸಬೇಕು. ಹಾಗೆ ಅನ್ವಯಿಸುವಂತೆ ಒತ್ತಾಯಿಸುವ ಅರ್ಹತೆ ಮತ್ತು ಹೊಣೆ ಎರಡೂ ಕನ್ನಡ ವಿಭಾಗಗಳಿಗೆ ಇವೆ.

2

ಈ ಪ್ರಶ್ನೆಯು ನನಗೆ ಎದುರಾದದ್ದು ಒಂದು ತಪ್ಪಿನಿಂದ. ನನ್ನ ಪಿಎಚ್.ಡಿ. ಅಧ್ಯಯನಕ್ಕಾಗಿ ಕ್ಷೇತ್ರಕಾರ್ಯ ಮಾಡಿ 140 ವೀರಗಲ್ಲುಗಳ ವಿವರಗಳನ್ನು ಅನುಬಂಧವಾಗಿ ಸಿದ್ಧಪಡಿಸಿದ್ದೆ. ಊರು, ಕಲ್ಲು ನಿಂತಿರುವ ಜಾಗ, ಫಲಕಗಳ ಸಂಖ್ಯೆ, ಶಿಲ್ಪದ ವಿವರ, ಬರಹವಿದ್ದರೆ ಅದರ ಪಾಠ ಎಲ್ಲವೂ ಒಂದೊಂದು ಕ್ರಮಾಂಕದ ಅಡಿಯಲ್ಲಿದ್ದವು. ಪ್ರಬಂಧದ ಅಧ್ಯಾಯಗಳಲ್ಲಿ 'ನೋಡಿ: ಅನುಬಂಧ 1, ಕಲ್ಲು 93' ಎಂಬಂತೆ ಕೈಯಾರೆ ಬರೆದುಕೊಂಡು ಹೋಗಿದ್ದೆ. ಕೊನೆಯ ಹಂತದಲ್ಲಿ 31ನೆಯ ಮತ್ತು 58ನೆಯ ಬಾಬುಗಳು ಒಂದೇ ಕಲ್ಲಿನವು ಎಂಬುದು ಗೊತ್ತಾಯಿತು. ಒಂದೇ ಊರಿಗೆ ಇದ್ದ ಎರಡು ಹೆಸರುಗಳಿಂದ ಆದ ಗೊಂದಲವದು. 58ನೆಯದನ್ನು ಅಳಿಸಿದೆ. ಪದಸಂಸ್ಕಾರಕ ತಂತ್ರಾಂಶವು ತಾನೇ ಹಾಕಿಕೊಂಡಿದ್ದ ಅಂಕಿಗಳನ್ನು ತಾನೇ ಸರಿಪಡಿಸಿತು. 59 ಎಂಬುದು 58 ಆಯಿತು, 140 ಎಂಬುದು 139 ಆಯಿತು. ಅಧ್ಯಾಯಗಳೊಳಗೆ ನಾನು ಬರೆದಿದ್ದ ಅಂಕಿಗಳು ಮಾತ್ರ ಇದ್ದಲ್ಲಿಯೇ ಇದ್ದವು. ಪರದೆಯ ಮೇಲೆ ಯಾವ ಸೂಚನೆಯೂ ಬರಲಿಲ್ಲ.

ಕರಡನ್ನು ಓದುತ್ತಿದ್ದ ಮಾರ್ಗದರ್ಶಕರು ಒಂದು ದಿನ ಕರೆದು, "ತುರುಗೋಳಿನಲ್ಲಿ ಮಡಿದವನ ಕಲ್ಲು ಎಂದು ಮೂರನೆಯ ಅಧ್ಯಾಯದಲ್ಲಿ ಬರೆದಿದ್ದೀರಿ. ಅನುಬಂಧದಲ್ಲಿ ಅದೇ ಅಂಕಿಯ ಕಲ್ಲಿನಲ್ಲಿ ಹುಲಿಬೇಟೆ ಇದೆಯಲ್ಲ?" ಎಂದು ಕೇಳಿದರು. ಅವರು ಆ ಒಂದು ಉಲ್ಲೇಖವನ್ನು ಪರಿಶೀಲಿಸದೆ ಹೋಗಿದ್ದರೆ 58ರ ನಂತರದ ನನ್ನ ಎಲ್ಲ ಉಲ್ಲೇಖಗಳೂ ಒಂದೊಂದು ಕಲ್ಲಿನಷ್ಟು ಪಕ್ಕಕ್ಕೆ ಸರಿದು ಅಚ್ಚಾಗುತ್ತಿದ್ದವು. ಮುಂದೆ ಡಿ.ಟಿ.ಪಿ. ಕೇಂದ್ರವೊಂದರಲ್ಲಿ ಕಡತವನ್ನು ಬೇರೊಂದು ಆವೃತ್ತಿಯಲ್ಲಿ ತೆರೆದಾಗ ಛಾಯಾಚಿತ್ರಗಳ ಪಟ್ಟಿಯು 1ರಿಂದ ತೊಡಗುವ ಬದಲು ಹಿಂದಿನ ಪಟ್ಟಿಯ ಮುಂದುವರಿಕೆಯಾಗಿ 140ರಿಂದ ತೊಡಗಿತು. ಉಪಬಾಬುಗಳು ಪುಟದ ನಡುವಿನವರೆಗೆ ಒಳಸರಿದಿದ್ದವು.

ತಪ್ಪು ನನ್ನದೇ ಎಂದು ಒಪ್ಪಿಕೊಳ್ಳುತ್ತೇನೆ. ಅಡ್ಡ ಉಲ್ಲೇಖಗಳನ್ನು ತಂತ್ರಾಂಶದ ವಿಧಾನದಲ್ಲಿಯೇ ಜೋಡಿಸುವ ಸೌಲಭ್ಯವಿತ್ತು, ನಾನು ಕಲಿತಿರಲಿಲ್ಲ. ಆದರೆ ನನ್ನ ಅಜ್ಞಾನದಾಚೆಗೂ ಒಂದು ಪ್ರಶ್ನೆ ಉಳಿಯುತ್ತದೆ. ನಾನು ಎರಡನೆಯ ಸಲ ಹೋದಾಗ, ಪಟ್ಟಿಯಲ್ಲಿದ್ದ ಒಂದು ಕಲ್ಲು ರಸ್ತೆ ಅಗಲೀಕರಣದಲ್ಲಿ ಕಾಣೆಯಾಗಿತ್ತು. ಆ ಕಲ್ಲಿಗೆ ಈಗ ಉಳಿದಿರುವ ಸಾಕ್ಷಿ ನನ್ನ ಅನುಬಂಧದ ಆ ಒಂದು ಬಾಬು ಮಾತ್ರ ಆಗಿರಬಹುದು. ಅದರ ಅಂಕಿ ಪಲ್ಲಟವಾದರೆ ಮುಂದಿನ ಸಂಶೋಧಕನಿಗೆ ಸಿಗುವುದು ಇಲ್ಲದ ಕಲ್ಲಿನ ತಪ್ಪು ವಿವರ. ಅದನ್ನು ಸ್ಥಳಕ್ಕೆ ಹೋಗಿ ತಾಳೆ ನೋಡುವ ದಾರಿಯೂ ಅವನಿಗಿಲ್ಲ.

ಇಲ್ಲಿ ಒಂದು ಮೂಲಭೂತ ವ್ಯತ್ಯಾಸವನ್ನು ಗುರುತಿಸಬೇಕಾಗಿದೆ. ಪಟ್ಟಿಯಲ್ಲಿ ಬರುವ ಅಂಕಿಗಳು ಎರಡು ಬಗೆಯವು. ಕೆಲವು ಕೇವಲ ಕ್ರಮವನ್ನು ಹೇಳುತ್ತವೆ. ಅವುಗಳನ್ನು ಕ್ರಮಸಂಖ್ಯೆ ಎನ್ನೋಣ. ಒಂದು ವಾದಕ್ಕೆ ಮೂರು ಕಾರಣಗಳನ್ನು ಕೊಟ್ಟು, ಎರಡನೆಯದನ್ನು ಕೈಬಿಟ್ಟರೆ ಮೂರನೆಯದು ಎರಡನೆಯದಾಗಬೇಕಾದದ್ದು ಸಹಜ. ಇನ್ನು ಕೆಲವು ಅಂಕಿಗಳು ವಸ್ತುವಿನ ಹೆಸರಿನಂತೆ ಕೆಲಸ ಮಾಡುತ್ತವೆ. ಅವುಗಳನ್ನು ನಾಮಸಂಖ್ಯೆ ಎನ್ನಬಹುದು. 1886ರಿಂದ ಬಿ.ಎಲ್. ರೈಸ್ ಅವರು ಪ್ರಕಟಿಸಿದ 'ಎಪಿಗ್ರಾಫಿಯ ಕರ್ನಾಟಿಕ'ದಲ್ಲಿ ಪ್ರತಿಯೊಂದು ಶಾಸನಕ್ಕೂ ತಾಲ್ಲೂಕಿನ ಹೆಸರಿನೊಡನೆ ಒಂದು ಸಂಖ್ಯೆಯಿದೆ. ಆ ಸಂಖ್ಯೆಯೇ ಶಾಸನದ ಹೆಸರಾಗಿ ವಿದ್ವತ್ ಬರವಣಿಗೆಯಲ್ಲಿ ನೆಲೆಗೊಂಡಿತು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು 1972ರಿಂದ ಪರಿಷ್ಕೃತ ಸಂಪುಟಗಳನ್ನು ಹೊರತರಲು ತೊಡಗಿದಾಗ ಶಾಸನಗಳಿಗೆ ಹೊಸ ಸಂಖ್ಯೆಗಳು ಬಂದವು. ಆದರೆ ಸಂಪಾದಕರು ಹಳೆಯ ಸಂಖ್ಯೆಗಳನ್ನು ಅಳಿಸಿಹಾಕಲಿಲ್ಲ, ಅವುಗಳನ್ನೂ ಸೂಚಿಸಿದರು. ಹಾಗೆ ಮಾಡದಿದ್ದರೆ ಅಲ್ಲಿಯವರೆಗಿನ ಉಲ್ಲೇಖಗಳೆಲ್ಲ ಅನಾಥವಾಗುತ್ತಿದ್ದವು. 1993ರಲ್ಲಿ ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ 15 ಸಂಪುಟಗಳಾಗಿ ಬಂದ 'ಸಮಗ್ರ ವಚನ ಸಂಪುಟ'ದ ವಚನಸಂಖ್ಯೆಗಳಿಗೂ ಇಂದು ಇದೇ ಸ್ಥಾನವಿದೆ. ಒಂದು ವಚನವು ಮುಂದೆ ಪ್ರಕ್ಷಿಪ್ತವೆಂದು ಸಿದ್ಧವಾಗಿ ಅದನ್ನು ತೆಗೆದುಹಾಕಿದರೂ ಉಳಿದವುಗಳ ಸಂಖ್ಯೆಯನ್ನು ಒಂದೊಂದಾಗಿ ಹಿಂದಕ್ಕೆ ಸರಿಸಲು ಯಾವ ವಿವೇಕಿಯೂ ಒಪ್ಪುವುದಿಲ್ಲ.

ಮನುಷ್ಯ ಸಂಪಾದಕನಿಗೆ ಸಹಜವಾಗಿ ಗೊತ್ತಿರುವ ಈ ಭೇದವು ತಂತ್ರಾಂಶಕ್ಕೆ ಗೊತ್ತಿಲ್ಲ. ಅದು ಎಲ್ಲ ಅಂಕಿಗಳನ್ನೂ ಕ್ರಮಸಂಖ್ಯೆಗಳೆಂದೇ ಭಾವಿಸುತ್ತದೆ.

3

ಪಟ್ಟಿಯ ಸ್ವರೂಪವನ್ನು ಕುರಿತ ಚಿಂತನೆ ನಮ್ಮ ಪರಂಪರೆಗೆ ಹೊಸದೇನೂ ಅಲ್ಲ. ಕನ್ನಡನಾಡಿನ ಪಾಠಶಾಲೆಗಳಲ್ಲಿ ಬಹುಕಾಲ ಬಾಯಿಪಾಠ ಮಾಡಿಸುತ್ತಿದ್ದ, ನಾಚಿರಾಜನು ಕನ್ನಡದಲ್ಲಿ ಟೀಕೆ ಬರೆದ 'ಅಮರಕೋಶ'ವು ಆದ್ಯಂತ ಪಟ್ಟಿಗಳ ಗ್ರಂಥ. ಶ್ಲೋಕದಲ್ಲಿ ಸಾಲು ಬಿಡುವಂತಿಲ್ಲ, ಅಂಕಿ ಹಾಕುವಂತಿಲ್ಲ, ಒಳಸರಿಸುವಂತಿಲ್ಲ. ಹಾಗಾದರೆ ಒಂದು ಅರ್ಥದ ಪರ್ಯಾಯಪದಗಳು ಎಲ್ಲಿ ಮುಗಿದು ಇನ್ನೊಂದರವು ಎಲ್ಲಿ ತೊಡಗುತ್ತವೆ ಎಂದು ತಿಳಿಯುವುದು ಹೇಗೆ? ಅಮರಸಿಂಹನು ಗ್ರಂಥದ ಆರಂಭದಲ್ಲಿಯೇ ಇದಕ್ಕೊಂದು ಪರಿಭಾಷೆಯನ್ನು ಮಾಡಿದ್ದಾನೆ. 'ತು' ಎಂಬ ಅವ್ಯಯ ಹತ್ತಿದ ಪದವೂ 'ಅಥ' ಎಂಬ ಅವ್ಯಯದಿಂದ ತೊಡಗುವುದೂ ಹಿಂದಿನದಕ್ಕೆ ಸೇರುವುದಿಲ್ಲ ಎಂಬುದು ಅದರ ತಾತ್ಪರ್ಯ. ಬಾಬುಗಳ ಗಡಿಯನ್ನು ಗುರುತಿಸುವ ನಿಯಮವು ಇಲ್ಲಿ ಪಠ್ಯದ ಹೊರಗಿಲ್ಲ, ಪಠ್ಯದ ಒಳಗೇ ಇದೆ. ಓದುಗನಿಗೆ ಮೊದಲೇ ತಿಳಿಸಲಾಗಿದೆ ಎಂಬುದು ಗಮನಾರ್ಹ. ಪ್ರತಿ ಮಾಡುವವನು ಸಾಲನ್ನು ಎಲ್ಲಿ ಮುರಿದರೂ ಪಟ್ಟಿ ಕೆಡುವುದಿಲ್ಲ.

ಶಾಸನಗಳಲ್ಲಿಯೂ ಇದೇ ಬಗೆಯ ವ್ಯವಸ್ಥೆಯನ್ನು ಕಾಣುತ್ತೇವೆ. ದತ್ತಿಭೂಮಿಯ ಎಲ್ಲೆಗಳನ್ನು ಹೇಳುವಾಗ ಸಾಮಾನ್ಯವಾಗಿ ಮೂಡಲಿಂದ ತೊಡಗಿ ತೆಂಕಲು, ಪಡುವಲು, ಬಡಗಲು ಎಂದು ಸುತ್ತಿಕೊಂಡು ಬರುತ್ತಾರೆ. ಕಲ್ಲಿನ ಅಗಲಕ್ಕೆ ತಕ್ಕಂತೆ ಸಾಲುಗಳು ಪದದ ನಡುವೆಯೇ ಮುರಿಯುತ್ತವೆ. ಆದರೂ ಪಟ್ಟಿಯ ಕ್ರಮ ತಪ್ಪುವುದಿಲ್ಲ. ದಿಕ್ಕಿನ ಹೆಸರೇ ಅಲ್ಲಿ ಬಾಬಿನ ಗುರುತು. ತಾಳೆಗರಿಯ ಹಸ್ತಪ್ರತಿಗಳಲ್ಲಿ ಪದ್ಯವಾಗಲಿ ವಚನವಾಗಲಿ ಒಂದೇ ಸಮನೆ ಹರಿದು, ಕೊನೆಯಲ್ಲಿ ಜೋಡಿಗೆರೆ ಮತ್ತು ಅಂಕಿಯಿಂದ ನಿಲ್ಲುತ್ತದೆ. ಇಂದು ನಾವು ಮುದ್ರಿತ ಪುಸ್ತಕದಲ್ಲಿ ನೋಡುವ ವಚನದ ಸಾಲುಗಳ ಏರಿಳಿತ, ಒಳಸರಿತ ಎಲ್ಲವೂ ಆಧುನಿಕ ಸಂಪಾದಕರು ಮಾಡಿದ ವ್ಯಾಖ್ಯಾನ. ಅದನ್ನು ನಾವು ಒಪ್ಪಬಹುದು, ಪ್ರಶ್ನಿಸಲೂಬಹುದು. ಏಕೆಂದರೆ ಅದನ್ನು ಮಾಡಿದವರು ಯಾರೆಂದು ನಮಗೆ ಗೊತ್ತು.

ಪಟ್ಟಿಯನ್ನು ಬಿಡಿಸಿ ಬರೆಯುವುದು ಎಂಥ ವ್ಯಾಖ್ಯಾನವೆಂಬುದಕ್ಕೆ 'ಕವಿರಾಜಮಾರ್ಗ'ದ ಉದಾಹರಣೆಗಿಂತ ಉತ್ತಮವಾದದ್ದು ಸಿಗಲಾರದು. ಆ ಗ್ರಂಥದಲ್ಲಿ ಹಿಂದಿನ ಗದ್ಯಕಾರರನ್ನೂ ಪದ್ಯಕಾರರನ್ನೂ ಹೆಸರಿಸುವ ಪದ್ಯಗಳು ನಮ್ಮ ಸಾಹಿತ್ಯಚರಿತ್ರೆಯ ಮೊದಲ ಪಟ್ಟಿಗಳೆಂದು ಎಲ್ಲರಿಗೂ ತಿಳಿದಿದೆ. ಹೆಸರುಗಳು ಸಮಾಸದಲ್ಲಿ ಒಂದಕ್ಕೊಂದು ಹೆಣೆದುಕೊಂಡಿವೆ. ಗದ್ಯಕಾರರಲ್ಲಿ ಮೊದಲು ಬರುವ 'ವಿಮಳೋದಯ' ಎಂಬುದು ಒಬ್ಬನ ಹೆಸರೋ, ವಿಮಳ ಮತ್ತು ಉದಯ ಎಂಬ ಇಬ್ಬರ ಹೆಸರುಗಳೋ? ಸಾಹಿತ್ಯಚರಿತ್ರೆಗಳಲ್ಲಿ ಎರಡು ಬಗೆಯ ಎಣಿಕೆಗಳೂ ಕಾಣಸಿಗುತ್ತವೆ. ಒಬ್ಬನೆಂದರೆ ಗದ್ಯಕಾರರು ನಾಲ್ವರು, ಇಬ್ಬರೆಂದರೆ ಐವರು. ಪದ್ಯಕಾರರ ಪಟ್ಟಿಯಲ್ಲಿ ಶ್ರೀವಿಜಯನ ನಂತರ ಬರುವ 'ಕವೀಶ್ವರ' ಎಂಬುದು ಪ್ರತ್ಯೇಕ ಕವಿಯ ಹೆಸರೋ, ಬರಿಯ ವಿಶೇಷಣವೋ ಎಂಬ ಸಂದೇಹಕ್ಕೂ ಅವಕಾಶವಿದೆ. ಅದಲ್ಲದೆ ಹೆಸರುಗಳ ಕೊನೆಯಲ್ಲಿ 'ಆದಿ' ಎಂಬ ಪದವಿದೆ. ಅಂದರೆ ಪಟ್ಟಿ ಮುಗಿದಿಲ್ಲ, ಇನ್ನೂ ಇದ್ದಾರೆ ಎಂದು ಪದ್ಯವೇ ಹೇಳುತ್ತಿದೆ.

ಈಗ ಇದನ್ನು ವಿದ್ಯಾರ್ಥಿಗಳ ಟಿಪ್ಪಣಿಗಾಗಿ ಒಂದರ ಕೆಳಗೊಂದು ಬರೆದು ಅಂಕಿ ಹಾಕಿದರೆ ಏನಾಗುತ್ತದೆ? ಸಮಾಸದಲ್ಲಿ ತೆರೆದುಕೊಂಡಿದ್ದ ಪ್ರಶ್ನೆ ಮುಚ್ಚಿಹೋಗುತ್ತದೆ. 'ಆದಿ' ಎಂಬುದು ಕಣ್ಮರೆಯಾಗುತ್ತದೆ. 'ಗದ್ಯಕಾರರು ನಾಲ್ವರು' ಎಂಬ ಹೇಳಿಕೆಯನ್ನು ಯಾರೂ ಬಾಯಿಬಿಟ್ಟು ಹೇಳದಿದ್ದರೂ 4 ಎಂಬ ಅಂಕಿ ಹೇಳಿಬಿಡುತ್ತದೆ. ಪಟ್ಟಿ ಮಾಡಬಾರದೆಂದು ನನ್ನ ವಾದವಲ್ಲ. ಪಟ್ಟಿ ಮಾಡುವುದು ಒಂದು ತೀರ್ಮಾನ. ಆ ತೀರ್ಮಾನಕ್ಕೆ ಒಬ್ಬ ಹೊಣೆಗಾರನಿರಬೇಕು ಎಂಬುದಷ್ಟೇ ವಾದ.

4

ಈ ಹಿನ್ನೆಲೆಯಲ್ಲಿ ಇಂದಿನ ತಂತ್ರಾಂಶಗಳ ವರ್ತನೆಯನ್ನು ನೋಡಬಹುದು. ಸಾಮಾನ್ಯ ಪದಸಂಸ್ಕಾರಕಗಳಲ್ಲಿ ಸಾಲಿನ ಆರಂಭಕ್ಕೆ 1 ಎಂದು ಬರೆದು, ಚುಕ್ಕಿ ಇಟ್ಟು, ಜಾಗ ಬಿಟ್ಟು ಮುಂದುವರಿದರೆ ಅದು ತಾನಾಗಿಯೇ ಪಟ್ಟಿಯಾಗಿ ಮಾರ್ಪಡುತ್ತದೆ. ಸಾಲು ಒಳಕ್ಕೆ ಸರಿಯುತ್ತದೆ. ಆ ಕ್ಷಣದಿಂದ ನಾವು ಬರೆದ ಅಂಕಿ ನಮ್ಮದಲ್ಲ. ಅದು ಪಠ್ಯದ ಭಾಗವಾಗಿ ಉಳಿಯದೆ, ತಂತ್ರಾಂಶವು ಲೆಕ್ಕಹಾಕಿ ತೋರಿಸುವ ಒಂದು ಚಿತ್ರವಾಗುತ್ತದೆ. ಕಡತದಲ್ಲಿ ಆ ಅಂಕಿಯನ್ನು ಹುಡುಕಿದರೆ ಸಾಮಾನ್ಯವಾಗಿ ಸಿಗುವುದಿಲ್ಲ. ಬೇರೊಂದು ತಂತ್ರಾಂಶಕ್ಕೆ ಸಾಗಿಸಿದಾಗ ಕೆಲವೊಮ್ಮೆ ಬಿದ್ದೇಹೋಗುತ್ತದೆ.

ಸರಳಪಠ್ಯದಲ್ಲಿ ಬರೆದು ಆಮೇಲೆ ಪುಟವಾಗಿಸುವ ಪದ್ಧತಿಗಳಲ್ಲಿ ಇದೇ ಸಮಸ್ಯೆ ಬೇರೆ ರೂಪದಲ್ಲಿದೆ. 2004ರಲ್ಲಿ ಜಾನ್ ಗ್ರೂಬರ್ ಪ್ರಕಟಿಸಿದ 'ಮಾರ್ಕ್‌ಡೌನ್' ಎಂಬ ಗುರುತುಪದ್ಧತಿಯ ಮೂಲ ರೂಪದಲ್ಲಿ ಬರೆದವನು ಯಾವ ಅಂಕಿ ಹಾಕಿದರೂ ಪುಟದಲ್ಲಿ 1, 2, 3 ಎಂದೇ ಬರುತ್ತದೆ. ಸಾಲಿನ ಆರಂಭದಲ್ಲಿ ಇಸವಿಯನ್ನು ಬರೆದು ಚುಕ್ಕಿ ಇಟ್ಟರೂ ಅದು ಪಟ್ಟಿಯೆಂದೇ ಭಾವಿಸಿ ಇಸವಿಯನ್ನು 1 ಎಂದು ಮಾಡಿಬಿಡುತ್ತದೆ. ಕವಿಯೊಬ್ಬನ ಕೃತಿಗಳನ್ನು ಪ್ರಕಟಣೆಯ ವರ್ಷಾನುಕ್ರಮದಲ್ಲಿ ಬರೆದವನ ಪಾಡೇನು? ಗುರುತು ಹಾಕಿ ತಪ್ಪಿಸಿಕೊಳ್ಳುವ ಉಪಾಯವುಂಟು; ಆದರೆ ಅಪಾಯವಿದೆಯೆಂದು ಗೊತ್ತಿದ್ದವನಿಗೆ ಮಾತ್ರ ಉಪಾಯ. ಒಂದು ಬಾಬಿನಲ್ಲಿ ಎರಡನೆಯ ಪ್ಯಾರಾ ಬಂದರೆ ಅದನ್ನು ಎಷ್ಟು ಒಳಕ್ಕೆ ಸರಿಸಬೇಕೆಂಬ ಬಗ್ಗೆಯೂ ದೀರ್ಘ ವಾದಗಳು ನಡೆದಿವೆ. ಮೂಲ ಪದ್ಧತಿಯಲ್ಲಿ ನಾಲ್ಕು ಖಾಲಿಜಾಗ ಅಥವಾ ಒಂದು ಟ್ಯಾಬ್. 2014ರಲ್ಲಿ ಬಂದ 'ಕಾಮನ್‌ಮಾರ್ಕ್' ಎಂಬ ಪರಿಷ್ಕೃತ ನಿಯಮಾವಳಿಯಲ್ಲಿ ಬಾಬಿನ ಮೊದಲ ಅಕ್ಷರ ಎಲ್ಲಿ ತೊಡಗುತ್ತದೆಯೋ ಆ ನೇರಕ್ಕೆ ಸರಿಸಬೇಕು. ಬರೆದವನು ಕೊಟ್ಟ ಮೊದಲ ಅಂಕಿಯನ್ನು ಇದು ಗೌರವಿಸುತ್ತದೆ; ನಂತರದವುಗಳನ್ನು ಗೌರವಿಸುವುದಿಲ್ಲ. ಅಂದರೆ 31ರ ನಂತರ 45 ಎಂದು ಉದ್ದೇಶಪೂರ್ವಕವಾಗಿ ಬರೆದರೂ ಅದು 32 ಆಗುತ್ತದೆ.

ಕನ್ನಡಿಗರಿಗೆ ಇಲ್ಲಿ ಇನ್ನೊಂದು ತೊಡಕಿದೆ. ಕಾಮನ್‌ಮಾರ್ಕ್ ಪ್ರಕಾರ ಪಟ್ಟಿಯ ಗುರುತಾಗಬಲ್ಲದ್ದು 0ಯಿಂದ 9ರವರೆಗಿನ ಅಂಕಿಗಳು ಮಾತ್ರ. ೧, ೨, ೩ ಎಂದು ಬರೆದರೆ ತಂತ್ರಾಂಶಕ್ಕೆ ಅದು ಪಟ್ಟಿಯೇ ಅಲ್ಲ. ಅಂಕಿಗಳು ಬದಲಾಗುವುದಿಲ್ಲವೆಂಬ ಲಾಭ ಒಂದು ಕಡೆ. ಬಾಬುಗಳೆಲ್ಲ ಕೂಡಿಕೊಂಡು ಒಂದೇ ಪ್ಯಾರಾ ಆಗುವ ನಷ್ಟ ಇನ್ನೊಂದು ಕಡೆ. 2003ರಿಂದ ನಡೆಯುತ್ತಿರುವ ಕನ್ನಡ ವಿಕಿಪೀಡಿಯದಲ್ಲಿ ಬೇರೊಂದು ಕ್ರಮವಿದೆ. ಅಲ್ಲಿ ಬಾಬಿನ ಮಟ್ಟವನ್ನು ತಿಳಿಸುವುದು ಖಾಲಿಜಾಗವಲ್ಲ, ಸಾಲಿನ ಆರಂಭದ ಗುರುತುಗಳ ಸಂಖ್ಯೆ. ಒಂದು ಗುರುತೆಂದರೆ ಬಾಬು, ಎರಡೆಂದರೆ ಉಪಬಾಬು. ಆದರೆ ಎರಡು ಬಾಬುಗಳ ನಡುವೆ ಒಂದು ಖಾಲಿ ಸಾಲು ಬಿಟ್ಟರೆ ಅಂಕಿ ಮತ್ತೆ 1ರಿಂದ ತೊಡಗುತ್ತದೆ.

ಒಳಸರಿಸುವುದನ್ನು ಖಾಲಿಜಾಗಗಳ ಎಣಿಕೆಯಿಂದ ನಿರ್ಧರಿಸುವ ಪದ್ಧತಿಯ ಹಿಂದೆ ಒಂದು ಊಹೆಯಿದೆ: ಎಲ್ಲ ಅಕ್ಷರಗಳ ಅಗಲವೂ ಒಂದೇ ಎಂಬುದು. ಬೆರಳಚ್ಚು ಯಂತ್ರದ ಕಾಲದ ಇಂಗ್ಲಿಷಿಗೆ ಅದು ಸರಿ. ಕನ್ನಡಕ್ಕೆ ಸರಿಯಲ್ಲ. 'ಸ್ತ್ರೀ' ಎಂಬುದು ನಮಗೆ ಒಂದು ಅಕ್ಷರ. ಯೂನಿಕೋಡಿನಲ್ಲಿ ಆರು ಸಂಕೇತಗಳು. ಕಣ್ಣಿಗೆ ಕಾಣುವ ಅಗಲಕ್ಕೂ ತಂತ್ರಾಂಶ ಎಣಿಸುವ ಅಗಲಕ್ಕೂ ಹೊಂದಿಕೆಯಿಲ್ಲ. ಪರದೆಯ ಮೇಲೆ ನೇರವಾಗಿ ನಿಂತ ಕನ್ನಡ ಪಟ್ಟಿ ಇನ್ನೊಂದು ಫಾಂಟಿನಲ್ಲಿ ಸೊಟ್ಟಗಾಗುವುದು ಇದರಿಂದಲೇ.

ಹಳೆಯ ಕಡತಗಳ ಸ್ಥಿತಿ ಇನ್ನೂ ವಿಚಿತ್ರ. 2000ದ ದಶಕದಲ್ಲಿ ಕನ್ನಡ ವಿಭಾಗಗಳ ಹೆಚ್ಚಿನ ಕೆಲಸ ನಡೆದದ್ದು ಯೂನಿಕೋಡ್ ಅಲ್ಲದ ಫಾಂಟುಗಳಲ್ಲಿ. ಅವುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡ ಅಕ್ಷರಗಳ ರೂಪಗಳನ್ನು ಕೂರಿಸಲಾಗಿತ್ತು. ನುಡಿಯ ಆ ಬಗೆಯ ಫಾಂಟುಗಳಲ್ಲಿ ಇಂಗ್ಲಿಷಿನ ದೊಡ್ಡ ಎ ಇರಬೇಕಾದಲ್ಲಿ ಅನುಸ್ವಾರ, ಬಿ ಇರಬೇಕಾದಲ್ಲಿ ವಿಸರ್ಗ, ಸಿ ಇರಬೇಕಾದಲ್ಲಿ ಅ, ಡಿ ಇರಬೇಕಾದಲ್ಲಿ ಆ ಇವೆ. ಪದಸಂಸ್ಕಾರಕವು ಎ, ಬಿ, ಸಿ ಎಂದು ತಾನಾಗಿ ಅಕ್ಷರಕ್ರಮ ಹಾಕಿದರೆ, ಆ ಫಾಂಟಿನಲ್ಲಿ ಪಟ್ಟಿಯು ಬರಿಯ ಸೊನ್ನೆಯಿಂದ ತೊಡಗಿ, ವಿಸರ್ಗಕ್ಕೆ ಹೋಗಿ, ಮೂರನೆಯ ಬಾಬಿಗೆ ಅ ಎಂಬುದನ್ನು ತಲುಪುತ್ತದೆ. ಇದು ಫಾಂಟನ್ನು ರೂಪಿಸಿದವರ ದೋಷವಲ್ಲ. ಅಂದಿನ ಮಿತಿಯೊಳಗೆ ಅವರು ಮಾಡಿದ ಉಪಕಾರ ದೊಡ್ಡದು. ಆದರೆ ತಂತ್ರಾಂಶವು ತಾನು ಯಾವ ಭಾಷೆಯ ಪಠ್ಯವನ್ನು ತಿದ್ದುತ್ತಿದ್ದೇನೆ ಎಂಬ ಅರಿವಿಲ್ಲದೆ ತಿದ್ದುತ್ತದೆ ಎಂಬುದಕ್ಕೆ ಇದು ಸ್ಪಷ್ಟ ನಿದರ್ಶನ.

5

ಈ ವಾದಕ್ಕೆ ಬರಬಹುದಾದ ಆಕ್ಷೇಪಗಳನ್ನು ಪರಿಶೀಲಿಸಬೇಕು. ನೂರಾರು ಬಾಬುಗಳಿಗೆ ಕೈಯಾರೆ ಅಂಕಿ ಹಾಕುವುದು ವೃಥಾ ಶ್ರಮ. ಅಂಥ ಯಾಂತ್ರಿಕ ಕೆಲಸಕ್ಕೆಂದೇ ಯಂತ್ರವಿದೆ ಎಂಬುದು ಮೊದಲನೆಯ ಆಕ್ಷೇಪ. ಕೈಯಾರೆ ಬರೆದರೆ ತಪ್ಪುಗಳು ಇನ್ನೂ ಹೆಚ್ಚುತ್ತವೆ ಎಂಬ ಮಾತಿನಲ್ಲಿಯೂ ಸತ್ಯವಿದೆ. ಹಸ್ತಪ್ರತಿಗಳಲ್ಲಿ ಪದ್ಯಸಂಖ್ಯೆ ತಪ್ಪಿಸಿದ, ಒಂದೇ ಸಂಖ್ಯೆಯನ್ನು ಎರಡು ಬಾರಿ ಬರೆದ ಲಿಪಿಕಾರರನ್ನು ನಾವು ಕಂಡಿದ್ದೇವೆ. ಆದರೆ ಲಿಪಿಕಾರನ ತಪ್ಪು ಒಂದು ಜಾಗದಲ್ಲಿ ಕುರುಹು ಉಳಿಸುತ್ತದೆ. 24 ಎಂಬುದು ಎರಡು ಸಲ ಬಂದರೆ ಏನೋ ಆಗಿದೆಯೆಂದು ಸಂಪಾದಕನಿಗೆ ತಿಳಿಯುತ್ತದೆ. ತಂತ್ರಾಂಶದ ತಿದ್ದುಪಡಿ ಕುರುಹನ್ನೇ ಉಳಿಸುವುದಿಲ್ಲ. 1ರಿಂದ 139ರವರೆಗೆ ಎಲ್ಲವೂ ಕ್ರಮಬದ್ಧವಾಗಿ ಕಾಣುತ್ತದೆ. ತಪ್ಪನ್ನು ಪತ್ತೆಹಚ್ಚಲು ಗ್ರಂಥಸಂಪಾದನಶಾಸ್ತ್ರವು ಅವಲಂಬಿಸುವುದು ಕುರುಹನ್ನು. ಅದೇ ಇಲ್ಲದ ಮೇಲೆ ಶಾಸ್ತ್ರ ಕೈಚೆಲ್ಲಬೇಕಾಗುತ್ತದೆ.

ಎರಡನೆಯ ಆಕ್ಷೇಪ ಹೆಚ್ಚು ಗಂಭೀರವಾದದ್ದು. ದೃಷ್ಟಿಹೀನ ಸಂಶೋಧಕರು ಬಳಸುವ ಪರದೆವಾಚಕ ತಂತ್ರಾಂಶವು, ಪಟ್ಟಿಯನ್ನು ಪಟ್ಟಿಯೆಂದು ಗುರುತಿಸಿದ್ದರೆ, ಅದರಲ್ಲಿ ಎಷ್ಟು ಬಾಬುಗಳಿವೆ ಎಂದು ಮೊದಲೇ ಹೇಳಬಲ್ಲದು. ಒಂದರಿಂದ ಇನ್ನೊಂದಕ್ಕೆ ನೇರವಾಗಿ ಕರೆದೊಯ್ಯಬಲ್ಲದು. ಕೈಯಾರೆ ಅಂಕಿ ಬರೆದು, ಟ್ಯಾಬ್ ಒತ್ತಿ ಒಳಸರಿಸಿದ ಪಟ್ಟಿ ಅವರಿಗೆ ಬರಿಯ ಸಾಲುಗಳ ರಾಶಿ. ಕಣ್ಣಿಗೆ ಕಾಣುವ ಅಂಚನ್ನು ನಂಬಿ ಪಟ್ಟಿ ಮಾಡುವುದೆಂದರೆ ಕಣ್ಣಿದ್ದವರಿಗಾಗಿ ಮಾತ್ರ ಬರೆದಂತೆ. ಈ ಆಕ್ಷೇಪವನ್ನು ನಾನು ಪೂರ್ಣವಾಗಿ ಒಪ್ಪುತ್ತೇನೆ. ಹಾಗಾಗಿಯೇ ಸ್ವಯಂಚಾಲಿತ ಪಟ್ಟಿಯನ್ನು ಸಂಪೂರ್ಣವಾಗಿ ನಿಲ್ಲಿಸಿಬಿಡಿ ಎಂಬ ಸುಲಭದ ತೀರ್ಮಾನಕ್ಕೆ ನಾನು ಬರಲಾರೆ.

ಇವೆರಡನ್ನೂ ಒಳಗೊಳ್ಳುವ ದಾರಿಯೆಂದರೆ ಪಟ್ಟಿಯ ರಚನೆಯನ್ನೂ ಬಾಬಿನ ಗುರುತನ್ನೂ ಬೇರೆಮಾಡುವುದು. ಇದು ಪಟ್ಟಿ, ಇದು ಬಾಬು, ಇದು ಉಪಬಾಬು ಎಂಬ ರಚನೆಯನ್ನು ತಂತ್ರಾಂಶ ಇಟ್ಟುಕೊಳ್ಳಲಿ. ಎಷ್ಟು ಒಳಸರಿಸಬೇಕೆಂಬುದನ್ನು ಮಟ್ಟವನ್ನು ನೋಡಿ ಅದೇ ತೀರ್ಮಾನಿಸಲಿ, ಅಕ್ಷರಗಳನ್ನು ಎಣಿಸಿಯಲ್ಲ. ಆದರೆ ಬಾಬಿಗೆ ಬರೆದವನು ಕೊಟ್ಟ ಗುರುತು, ಅದು ಅಂಕಿಯಾಗಲಿ ಅಕ್ಷರವಾಗಲಿ ಶಾಸನಸಂಖ್ಯೆಯಾಗಲಿ, ಪಠ್ಯದ ಭಾಗವಾಗಿಯೇ ಉಳಿಯಲಿ. ಇದು ಅಸಾಧ್ಯವಾದ ಬೇಡಿಕೆಯಲ್ಲ. 2003ರಲ್ಲಿ ಕಾರ್ಸ್ಟೆನ್ ಡೊಮಿನಿಕ್ ಆರಂಭಿಸಿದ 'ಆರ್ಗ್-ಮೋಡ್' ಎಂಬ ಸರಳಪಠ್ಯ ವ್ಯವಸ್ಥೆಯಲ್ಲಿ ಬಾಬಿನ ಪಕ್ಕದಲ್ಲಿ ಒಂದು ಸಣ್ಣ ಗುರುತು ಬರೆದು 'ಇಲ್ಲಿಂದ ಅಂಕಿ 20 ಇರಲಿ' ಎಂದು ವಿಧಿಸಬಹುದು. ಆ ವಿಧಿ ಕಡತದಲ್ಲಿಯೇ ಕಣ್ಣಿಗೆ ಕಾಣುವಂತೆ ಇರುತ್ತದೆ. ಮುಂದೆ ತೆರೆದವನಿಗೂ ತಿಳಿಯುತ್ತದೆ. ತಿಳಿಸಿ ತಿದ್ದುವ ಕ್ರಮಕ್ಕೆ ಇದೊಂದು ಚಿಕ್ಕ ಮಾದರಿ.

6

ತಂತ್ರಾಂಶ ರೂಪಿಸುವವರನ್ನು ದೂರುವ ಮೊದಲು ನಾವು ಮಾಡಬೇಕಾದದ್ದೂ ಇದೆ. ಅಕ್ಷರಗಳಿಂದ ಪಟ್ಟಿಯನ್ನು ಗುರುತಿಸುವಾಗ ಕನ್ನಡದಲ್ಲಿ ಯಾವ ಕ್ರಮವನ್ನು ಅನುಸರಿಸಬೇಕು? ಪ್ರಶ್ನೆಪತ್ರಿಕೆಗಳಲ್ಲಿ ಅ, ಆ, ಇ, ಈ ಎಂಬ ಕ್ರಮ ರೂಢಿಯಲ್ಲಿದೆ; ನಾಲ್ಕು ಬಾಬುಗಳವರೆಗೆ ತೊಂದರೆಯಿಲ್ಲ. ಊ ಆದ ಮೇಲೆ ಋ ಬರಬೇಕೋ ಎ ಬರಬೇಕೋ? ಔ ಆದ ಮೇಲೆ ಅಂ, ಅಃ ಎನ್ನಬೇಕೋ, ಕ ಎನ್ನಬೇಕೋ? ಕ, ಖ, ಗ, ಘ ಎಂದು ಹೋಗುವವರು ಙ ಎಂಬುದನ್ನು ಬರೆಯಬೇಕೋ ಬಿಡಬೇಕೋ? ತಂತ್ರಾಂಶವು ಯೂನಿಕೋಡ್ ಸಂಕೇತಗಳ ಕ್ರಮವನ್ನು ಕುರುಡಾಗಿ ಹಿಡಿದರೆ ಋ ನಂತರ ಌ ಬರುತ್ತದೆ, ರ ನಂತರ ಱ ಬರುತ್ತದೆ. ೞ ಮಾತ್ರ ಎಲ್ಲೋ ದೂರದಲ್ಲಿ ಉಳಿಯುತ್ತದೆ. ಕೇಶಿರಾಜನು ಸಂಸ್ಕೃತಕ್ಕೆ ಸಲ್ಲುವ ಅಕ್ಷರಗಳನ್ನು ಕಳೆದು, ದೇಶೀಯವಾದವುಗಳನ್ನು ಕೂಡಿಸಿ, ಕನ್ನಡದ ಶುದ್ಧಗೆ 47 ಎಂದು ನಿರ್ಣಯಿಸಿದ. ಯಾವುದನ್ನು ಎಣಿಸಬೇಕು, ಯಾವುದನ್ನು ಬಿಡಬೇಕು ಎಂಬ ನಿರ್ಣಯವನ್ನು ಅವನು ಬೇರೆಯವರಿಗೆ ಬಿಡಲಿಲ್ಲ. ಜಾಲಪುಟಗಳ ವಿನ್ಯಾಸಕ್ಕೆ ಬಳಸುವ ಸಿ.ಎಸ್.ಎಸ್. ನಿಯಮಾವಳಿಯಲ್ಲಿ 'ಕನ್ನಡ' ಎಂಬ ಹೆಸರಿನ ಒಂದು ಸಂಖ್ಯಾಶೈಲಿಯಿದೆ. ಅದನ್ನು ಆರಿಸಿಕೊಂಡರೆ ಪಟ್ಟಿಗೆ ಕನ್ನಡ ಅಂಕಿಗಳು ಬರುತ್ತವೆ. ಅಕ್ಷರಕ್ರಮ ಬೇಕಾದವರು ತಾವೇ ನಿರೂಪಿಸಿಕೊಳ್ಳುವ ಅವಕಾಶವನ್ನೂ ಅದು ಕೊಟ್ಟಿದೆ. ಬಾಗಿಲು ತೆರೆದಿದೆ; ಯಾವ ಕ್ರಮವೆಂದು ಹೇಳಬೇಕಾದವರು ನಾವು.

ಆದ್ದರಿಂದ ನನ್ನ ಸಲಹೆಗಳನ್ನು ಸಂಕ್ಷೇಪವಾಗಿ ಮುಂದಿಡುತ್ತೇನೆ. ಮೊದಲನೆಯದಾಗಿ, ಪ್ರಬಂಧರಚನೆಯ ಮಾರ್ಗಸೂಚಿಗಳಲ್ಲಿ ಫಾಂಟಿನ ಅಳತೆ, ಅಂಚಿನ ಅಗಲಗಳ ಜೊತೆಗೆ ಕ್ರಮಸಂಖ್ಯೆ ಮತ್ತು ನಾಮಸಂಖ್ಯೆಗಳ ಭೇದವೂ ಸೇರಬೇಕು. ಆಕರಗಳ ಪಟ್ಟಿಗೆ ಸ್ವಯಂಚಾಲಿತ ಅಂಕಿಯನ್ನು ಬಳಸಕೂಡದು. ಒಂದು ಬಾಬನ್ನು ಕೈಬಿಟ್ಟರೆ ಆ ಸಂಖ್ಯೆಯನ್ನು ಖಾಲಿ ಉಳಿಸಿ 'ಕೈಬಿಡಲಾಗಿದೆ' ಎಂದು ಬರೆಯಬೇಕು. ಎರಡನೆಯದಾಗಿ, ಪಟ್ಟಿಯಲ್ಲಿ ಬಳಸುವ ಕನ್ನಡ ಅಕ್ಷರಕ್ರಮವನ್ನು ವಿಶ್ವವಿದ್ಯಾನಿಲಯಗಳ ಕನ್ನಡ ವಿಭಾಗಗಳು ಒಟ್ಟಾಗಿ ಕುಳಿತು ನಿರ್ಣಯಿಸಿ, ಕನ್ನಡ ತಂತ್ರಾಂಶ ರೂಪಿಸುವವರಿಗೆ ಬರಹರೂಪದಲ್ಲಿ ಕೊಡಬೇಕು. ಮೂರನೆಯದಾಗಿ, ಎಂ.ಎ. ತರಗತಿಯ ಗ್ರಂಥಸಂಪಾದನೆಯ ಪತ್ರಿಕೆಯಲ್ಲಿ ಲಿಪಿಕಾರರ ದೋಷಗಳ ಅಧ್ಯಯನದೊಂದಿಗೆ ತಂತ್ರಾಂಶಗಳ ಮೌನ ತಿದ್ದುಪಡಿಗಳ ಅಧ್ಯಯನಕ್ಕೂ ಸ್ಥಳ ಸಿಗಬೇಕು. ನಾಳೆಯ ಸಂಪಾದಕನ ಮುಂದೆ ಬರುವ ಹಸ್ತಪ್ರತಿ ತಾಳೆಗರಿಯದಾಗಿರುವುದಿಲ್ಲ. ಹತ್ತು ಕಡೆ ತೆರೆದು, ಹತ್ತು ತಂತ್ರಾಂಶಗಳು ತಿದ್ದಿದ ಕಡತವಾಗಿರುತ್ತದೆ.

ಮಾರ್ಗದರ್ಶಕರ ಸೂಚನೆಯಂತೆ ನಾನು ಅನುಬಂಧದ ಅಂಕಿಗಳನ್ನೆಲ್ಲ ಮತ್ತೆ ಕೈಯಾರೆ ಬರೆದೆ. 58ನೆಯ ಸಂಖ್ಯೆಯ ಮುಂದೆ ಈಗ 'ನೋಡಿ: 31' ಎಂದಷ್ಟೇ ಇದೆ. ಅಲ್ಲೊಂದು ತಪ್ಪಾಗಿತ್ತು, ಅದನ್ನು ಗುರುತಿಸಿ ಸರಿಪಡಿಸಲಾಗಿದೆ ಎಂಬುದು ಆ ಸಾಲಿನಿಂದ ಓದುಗನಿಗೆ ತಿಳಿಯುತ್ತದೆ. ಅಷ್ಟು ಪ್ರಾಮಾಣಿಕತೆಯನ್ನು ನಮ್ಮ ಸಂಪಾದಕರಿಂದ ನಾವು ಯಾವಾಗಲೂ ನಿರೀಕ್ಷಿಸಿದ್ದೇವೆ. ತಂತ್ರಾಂಶದಿಂದಲೂ ಅದನ್ನೇ ನಿರೀಕ್ಷಿಸಬಹುದಲ್ಲವೇ? ಈ ಬಗ್ಗೆ ಹಿರಿಯ ವಿದ್ವಾಂಸರೂ ಸಹ ಸಂಶೋಧಕರೂ ತಮ್ಮ ಅನುಭವಗಳೊಂದಿಗೆ ಚರ್ಚೆಯನ್ನು ಮುಂದುವರಿಸಬೇಕೆಂದು ಕೋರುತ್ತೇನೆ.